ಕಿಸೆಯ ಕಲ್ಲು

ಪೆನ್‌ರಿತ್, ನವೆಂಬರ್. ನಾಲ್ಕಕ್ಕೇ ಕತ್ತಲು.
ಹಳೆಯ ಉಣ್ಣೆ ಗೋದಾಮಿನ ನೆಲಮಾಳಿಗೆಯಲ್ಲಿ
ಒಂಬತ್ತು ಹಳ್ಳಿಗಳ ಇಂಟರ್‌ನೆಟ್ಟು
ಒಂದೇ ಕಬ್ಬಿಣದ ಕಪಾಟಿನೊಳಗೆ ಗುಂಯ್‌ಗುಡುತ್ತದೆ.
ನಾನು ಅದರ ಲೆಕ್ಕದವಳು.

ಐದು ನಿಮಿಷಕ್ಕೊಮ್ಮೆ ಸ್ವಿಚ್ಚನ್ನು ಕೇಳುತ್ತೇನೆ
(ನಾನಲ್ಲ, ನನ್ನ ಪರವಾಗಿ ಒಂದು ಪ್ರೋಗ್ರಾಮು):
ಎಷ್ಟು ಬಂತು? ಎಷ್ಟು ಹೋಯಿತು?
ಅದು ಒಂದು ಸಂಖ್ಯೆ ಹೇಳಿ ಸುಮ್ಮನಾಗುತ್ತದೆ.
ಅದರಲ್ಲಿ ಹಿಂದಿನದನ್ನು ಕಳೆದು
ಮುನ್ನೂರು ಸೆಕೆಂಡಿನಿಂದ ಭಾಗಿಸಿ
ಎಂಟರಿಂದ ಗುಣಿಸಿ (ಒಮ್ಮೆ ಅದನ್ನು ಮರೆತು
ಮೀಟಿಂಗಿನಲ್ಲಿ ಮಾನ ಹೋಗಿತ್ತು)
ಹಸಿರು ಗೆರೆ ಎಳೆಯುತ್ತೇವೆ.

ಸಂಜೆ ಏಳರ ತನಕ ಗೆರೆ ಸಭ್ಯವಾಗಿ ಏರುತ್ತದೆ,
ಆಮೇಲೆ ಕಾಲು ಜಾರಿದಂತೆ ಬೀಳುತ್ತದೆ.
ಆಗಲೇ ಫಿಯರನ್ ಅವರ ಫೋನು:
ಹರಾಜಿನ ನೇರಪ್ರಸಾರದಲ್ಲಿ
ಟಗರು ಬಾಯಿ ತೆರೆದವನಂತೆ ನಿಂತೇ ಬಿಟ್ಟಿತಂತೆ,
ಅವರು ಕೂಗಿದ ಬೆಲೆ ಯಾರ ಕಿವಿಗೂ ಮುಟ್ಟಲಿಲ್ಲವಂತೆ.
ನಾನು ಗೆರೆ ನೋಡಿ ಹೇಳಿದೆ, ತುಸು ಠೀವಿಯಿಂದಲೇ:
ದಾರಿ ಖಾಲಿಯಿದೆ ಸರ್,
ವಯಸ್ಸಾಗಿರುವುದು ನಿಮ್ಮ ಮನೆಯ ರೂಟರಿಗೆ.

ಕೇಬಲ್ ಬದಲಿಸಿದೆ. ಪೋರ್ಟ್ ಬದಲಿಸಿದೆ.
ರೀಬೂಟಾದಾಗ ಹನ್ನೆರಡನೆಯದು ಹದಿನಾಲ್ಕಾಗಿದೆಯೇ,
ಅವನ ಹೆಸರಲ್ಲಿ ಇವನ ಲೆಕ್ಕ ಬರೆಯುತ್ತಿದ್ದೇನೆಯೇ
ಎಂದು ಒಂದೊಂದೇ ಬಾಗಿಲು ತಟ್ಟಿ ನೋಡಿದೆ.
ಎಲ್ಲ ಅವರವರ ಜಾಗದಲ್ಲೇ.
ಗೆರೆ ಮಾತ್ರ ಏಳಕ್ಕೆ ಸರಿಯಾಗಿ ಬೀಳುತ್ತದೆ.

ಚಹಾ ತಂದ ವಿನಿಫ್ರೆಡ್ ಬರ್ಕೆಟ್
(ಮೇಲಿನ ಮಹಡಿಯ ಬಿಲ್ಲುಗಳ ಯಜಮಾನಿ)
ಪರದೆಯನ್ನು ನೋಡುತ್ತಾ ನೋಡುತ್ತಾ
ತನ್ನಜ್ಜ ಕುರಿ ಎಣಿಸುತ್ತಿದ್ದ ಬಗೆ ಹೇಳಿದಳು:
ಯಾನ್, ಟಾನ್, ಟೆದರಾ... ಇಪ್ಪತ್ತರ ತನಕ ಮಾತ್ರ.
ಅವನ ಬಾಯಲ್ಲಿ ಅದರಾಚೆಗೆ ಅಂಕಿಯೇ ಇರಲಿಲ್ಲ.
ಇಪ್ಪತ್ತಾದರೆ ಎಡಗಿಸೆಯ ಒಂದು ಕಲ್ಲು ಬಲಗಿಸೆಗೆ.
ಮತ್ತೆ ಯಾನ್.

ನನಗೆ ನಗು ಬಂತು. ನಮ್ಮ ಚಿಕ್ಕವ್ವ
ರಾಣೆಬೆನ್ನೂರಿನಲ್ಲಿ ಜೋಳ ಅಳೆಯುವಾಗ
ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದಳು.
ಲಾಭ, ಎರಡು, ಮೂರು... ಆರು, ಮತ್ತೊಂದು, ಎಂಟು.
ಏಳು ಅಂದರೆ ಎದ್ದು ಹೋದೀತು ಕಾಳು!
ವಿನಿಫ್ರೆಡ್‌ಗೆ ಅದನ್ನು ತಿಳಿಸಿ ಹೇಳುವಷ್ಟರಲ್ಲಿ
ಚಹಾ ಆರಿತ್ತು.

ಕಪ್ಪು ತೆಗೆದುಕೊಂಡು ಹೋಗುತ್ತಾ ಅಂದಳು:
ಅಜ್ಜನ ಬಾಯನ್ನಷ್ಟೇ ಕೇಳಿದವರು
ಬಡವ ಪಾಪ, ಆರೇ ಕುರಿ ಅಂದುಕೊಂಡಾರು.
ಕಿಸೆ ಮುಟ್ಟಿ ನೋಡಬೇಕಿತ್ತು.

ಕಿಸೆ.

ಈ ಯಂತ್ರದ ಬಾಯಲ್ಲೂ ಅಂಕಿ ಮುಗಿಯುತ್ತದೆ:
ನಾನೂರಿಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ
ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೈದು.
ಮುಂದಿನದು ಸೊನ್ನೆ.
ಮೂವತ್ತೆರಡೇ ಬಿಟ್ಟಿನ ಪುಟ್ಟ ಸೇರು ಅದು,
ಗಿಗಾಬಿಟ್ ದಾರಿ ತುಂಬಿ ಹರಿದರೆ
ಮೂವತ್ತನಾಲ್ಕು ಸೆಕೆಂಡಿಗೆ ಒಂದು ಸುತ್ತು.
ನಾನೋ ಐದು ನಿಮಿಷಕ್ಕೊಮ್ಮೆ ಹೋಗಿ
ಬಾಗಿಲಲ್ಲಿ ನಿಂತು ಕೇಳುವವಳು.
ಒಂದು ಸುತ್ತಾದರೆ ಪ್ರೋಗ್ರಾಮು ಊಹಿಸೀತು.
ಎಂಟು ಸುತ್ತು?
ಅದಕ್ಕೆ ಕಿಸೆಯೂ ಇಲ್ಲ, ಕಲ್ಲೂ ಇಲ್ಲ.

ಅದರ ಪಕ್ಕದಲ್ಲೇ ಇತ್ತು ಅರವತ್ತನಾಲ್ಕು ಬಿಟ್ಟಿನ ದೊಡ್ಡ ಕೊಳಗ,
ಇಷ್ಟು ದಿನ ಯಾರೂ ಕೇಳದೆ, ತಾನಾಗಿ ಹೇಳದೆ.
ಹಳೆಯ ಕಾಲದ ಪ್ರಶ್ನೆಗೆ ಸ್ವಿಚ್ಚು ಹಳೆಯ ಉತ್ತರವನ್ನೇ
ಸುಳ್ಳಿಲ್ಲದೆ ಕೊಡುತ್ತಿತ್ತು.
ಕೇಳುವ ಸಾಲೊಂದನ್ನು ತಿದ್ದಿದೆ. ಕಾದೆ.
ಏಳಾಯಿತು. ಬೀಳಲಿಲ್ಲ.
ಏಳು ಎದ್ದೇ ಬಿಟ್ಟಿತು, ಚಿಕ್ಕವ್ವ,
ಗೆರೆ ಚಾವಣಿಗೆ ತಲೆ ಬಡಿದು
ಹತ್ತೂವರೆಯ ತನಕ ಅಲ್ಲೇ ಚಪ್ಪಟೆಯಾಗಿ ಮಲಗಿತು.

ದಾರಿ ಖಾಲಿಯಿರಲಿಲ್ಲ, ಫಿಯರನ್ ಅವರೇ.
ಟಗರಿಗೆ ಕಾಲಿಡಲೂ ಜಾಗವಿರಲಿಲ್ಲ.
ನಾಳೆ ಬೆಳಿಗ್ಗೆ ಫೋನು ಮಾಡಬೇಕು.
ಏನೆಂದು ಶುರು ಮಾಡಲಿ ಇನ್ನೂ ಗೊತ್ತಿಲ್ಲ.

ಹಿಂದಿನ ಮೂರು ತಿಂಗಳ ಗೆರೆ ಮಾತ್ರ ಹಾಗೇ ಉಳಿದಿದೆ,
ಪ್ರತಿ ಸಂಜೆ ಒಂದೊಂದು ಸುಳ್ಳು ಕಣಿವೆ.
ತಿದ್ದಲು ಬರುವುದಿಲ್ಲ ಅದನ್ನು.
ಕುರಿಗಳೇನೋ ದಾಟಿ ಹೋದವು,
ಕಲ್ಲು ಬದಲಿಸಿದವರಿಲ್ಲ.